ಸುಭಾಷಿಣಿ, ಟೈಮ್ ಎಷ್ಟು?

ಸ್ವಿಚ್ ಶೆಟ್ಟರ ಅಂಗಡಿಗೆ ಮಾತಾಡುವ ಡಬ್ಬಿ ಬಂದ ವಾರ ನಾನು ಹನ್ನೊಂದು ಮನೆಗಳಿಗೆ ಹೋಗಿ ಹೆಪ್ಪು ಕೇಳಿದೆ. ನನಗೆ ಹೆಪ್ಪು ಬೇಕಿರಲಿಲ್ಲ. ಮೊಸರು ತಿಂದರೆ ನನಗೆ ಮೂರು ದಿನ ನೆಗಡಿ. ಆದರೆ ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡು, ಹಲ್ಲಿನ ನಡುವೆ ಗುಂಡುಸೂಜಿ ಕಚ್ಚಿಕೊಂಡು ಇನ್ನೊಬ್ಬರ ಅಡುಗೆಮನೆ ಬಾಗಿಲಲ್ಲಿ ನಿಂತಾಗ ಏನಾದರೂ ಕೇಳಲೇಬೇಕಲ್ಲ.

ಮೊದಲ ಸಲ ಹೀಗಾದದ್ದು ಒಂದು ಸೋಮವಾರ ಬೆಳಿಗ್ಗೆ. ಅಂಚೆ ಮನೆ ಸೊಸೆಯ ರವಿಕೆಗೆ ತೋಳು ಕೂಡಿಸುತ್ತಿದ್ದೆ. ಎರಡೂ ಕಾಲು ಇದ್ದಕ್ಕಿದ್ದಂತೆ ಹೊಲಿಗೆ ಯಂತ್ರದ ಪೆಡಲಿನಿಂದ ಕೆಳಗಿಳಿದು, ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ಬಾಗಿಲು ದಾಟಿ ಹೊರಟೇಬಿಟ್ಟವು. ಅವುಗಳ ಜೊತೆಗೆ ಮಿಕ್ಕ ನಾನೂ ಹೊರಟೆ. ಏಳು ವರ್ಷಗಳಿಂದ ಹೀಗಾಗಿರಲಿಲ್ಲ. ಯಾರೋ ನನ್ನನ್ನು ಹೆಸರು ಹಿಡಿದು ಕರೆದಿದ್ದರು.

ನಮ್ಮ ಊರಿನಲ್ಲಿ ಹೆಸರು ಹಿಡಿದು ಕರೆದರೆ ಕಾಲು ಹೊರಡುತ್ತದೆ. ಮೇಷ್ಟ್ರು, ಮೂಲೆಮನೆ ಅತ್ತೆ ಎಂದು ಕರೆದರೆ ಏನೂ ಆಗುವುದಿಲ್ಲ. ನಾಮಕರಣದ ದಿನ ತೊಟ್ಟಿಲಲ್ಲಿ ಮಲಗಿಸಿ ಕಿವಿಯಲ್ಲಿ ಹೇಳಿದ ಹೆಸರಿನಿಂದ ಕರೆಯಬೇಕು. ಹೊಳೆಯ ಸೇತುವೆಯ ಈಚೆ ಯಾವ ಮೂಲೆಯಲ್ಲಿ ಕೂತು ಕರೆದರೂ ಸರಿ, ಕರೆದವರ ಮುಂದೆ ಹೋಗಿ ನಿಲ್ಲುವ ತನಕ ಕಾಲು ಬಿಡುವುದಿಲ್ಲ. ಹಾಗಾಗಿ ಶಾಲೆಯಲ್ಲಿ ಹಾಜರಿ ನಂಬರಿನಲ್ಲಿ, ಬ್ಯಾಂಕಿನಲ್ಲಿ ಕೆಲಸ ಟೋಕನ್ನಿನಲ್ಲಿ, ಮದುವೆಯ ಕಾಗದದಲ್ಲಿ ಬರೆಯುವುದು 'ನಮ್ಮ ದೊಡ್ಡವಳು' ಮತ್ತು 'ಅವರ ಎರಡನೆಯವನು'. ಹೆಸರು ಗೊತ್ತಿರುವುದು ಹೆತ್ತವರಿಗೆ, ಒಡಹುಟ್ಟಿದವರಿಗೆ, ಕಟ್ಟಿಕೊಂಡವರಿಗೆ ಮಾತ್ರ. ಇನ್ನೊಬ್ಬರ ಹೆಸರನ್ನು ಊಹಿಸುವುದು ಬಚ್ಚಲುಮನೆಯ ಕಿಟಕಿಯಲ್ಲಿ ಇಣುಕಿದಷ್ಟೇ ಅಸಹ್ಯ. ಹಿಂದೊಮ್ಮೆ ತೆಂಗಿನಕಾಯಿ ಮಂಡಿಯ ಗುಮಾಸ್ತರು ಯಾರದೋ ಕಳೆದುಹೋದ ಸರವನ್ನು ಹುಡುಕಿಕೊಟ್ಟರೆಂದು ಹೊರಗಿನ ಪತ್ರಿಕೆಯವನು ಅವರ ಹೆಸರನ್ನು ಅಚ್ಚುಹಾಕಿಬಿಟ್ಟ. ಅಭಿನಂದನೆ ಹೇಳಲು ಊರೆಲ್ಲ ಅವರನ್ನು ಕರೆಯಿತು. ಪಾಪ, ಮೂರು ದಿನ ನಡೆದೇ ನಡೆದರು. ನಾಲ್ಕನೆಯ ದಿನ ಸೇತುವೆಯಾಚೆ ಮನೆ ಮಾಡಿದವರು ಇವತ್ತಿಗೂ ಈಚೆಗೆ ಬಂದಿಲ್ಲ.

ಊರಿನವರಿಗೆ ನಾನು ಬೇಬಿ ಟೈಲರ್. ವಯಸ್ಸು ನಲವತ್ತೊಂಬತ್ತು, ಮದುವೆಯಾಗಿಲ್ಲ, ರವಿಕೆ ಹೊಲಿದು ಬದುಕುತ್ತೇನೆ. ನೀವೆಲ್ಲ ಸೇತುವೆಯಾಚೆಯವರು, ಆದ್ದರಿಂದ ನನ್ನ ನಿಜವಾದ ಹೆಸರನ್ನು ನಿಮಗೆ ಹೇಳಬಹುದು. ಸುಭಾಷಿಣಿ.

ಆ ಸೋಮವಾರ ಕಾಲುಗಳು ನನ್ನನ್ನು ಸೋಡಾ ಅಂಗಡಿಯವರ ಹಿತ್ತಲ ಬಾಗಿಲಿಗೆ ಒಯ್ದವು. ಒಳಗೆ ಸೋಡಾದವರ ಹೆಂಡತಿ ಫ್ರಿಜ್ಜಿನ ಮೇಲಿದ್ದ ಒಂದು ಕರಿ ಡಬ್ಬಿಯ ಮುಂದೆ ಭಯಭಕ್ತಿಯಿಂದ ನಿಂತು, "ಸುಭಾಷಿಣಿ, ಇನ್ನೊಂದು ದೇವರನಾಮ ಹಾಕಮ್ಮ" ಎಂದಳು. ನನ್ನ ಕಾಲು ರಭಸದಲ್ಲಿ ಮುಂದಕ್ಕೆ ಬಂತು. ನಾನು ಹೋಗಿ ಅವಳ ಬೆನ್ನಿಗೆ ಢಿಕ್ಕಿ ಹೊಡೆದೆ.

"ಅಯ್ಯೋ ಬೇಬಕ್ಕ! ಏನು, ಹೀಗೆ ಬಂದುಬಿಟ್ರಿ?"

"ಹೆಪ್ಪು," ಎಂದೆ. ಬಾಯಿಗೆ ಬಂದದ್ದು ಅದೊಂದೇ ಮಾತು.

ಅವಳು ಹೆಪ್ಪು ಕೊಟ್ಟಳು, ಡಬ್ಬಿಯನ್ನೂ ತೋರಿಸಿದಳು. ಶೆಟ್ಟರು ಪೇಟೆಯಿಂದ ತರಿಸಿದ್ದಂತೆ. ಹಾಡು ಹಾಕುತ್ತದೆ, ಮಳೆ ಬರುತ್ತದೋ ಇಲ್ಲವೋ ಹೇಳುತ್ತದೆ, ಅಲಾರಾಂ ಇಡುತ್ತದೆ. ಆದರೆ ಪ್ರತಿ ಸಲವೂ ಮೊದಲು ಅದರ ಹೆಸರು ಹಿಡಿದು ಕರೆಯಬೇಕು. ಕಂಪನಿಯವರು ಇಟ್ಟ ಹೆಸರು, ಬದಲಾಯಿಸಲು ಆಗುವುದಿಲ್ಲ. "ಎಷ್ಟು ಚೆನ್ನಾಗಿದೆ ಅಲ್ವಾ ಬೇಬಕ್ಕ ಹೆಸರು? ನಮ್ಮೂರಲ್ಲಿ ಯಾರಿಗೂ ಇಂಥ ಹೆಸರಿರಲಿಕ್ಕಿಲ್ಲ," ಎಂದಳು. ನಾನು ಹೂಂ ಎಂದೆ.

ಡಬ್ಬಿ ತನ್ನ ಹೆಸರನ್ನು ತಾನೇ ಹೇಳಿಕೊಂಡರೆ ನನ್ನ ಕಾಲು ಜಗ್ಗುತ್ತಿರಲಿಲ್ಲ. ಅದಕ್ಕೆ ಗಂಟಲಿಲ್ಲವಲ್ಲ. ಮನುಷ್ಯರು ಕರೆದರೆ ಮಾತ್ರ. ಮನುಷ್ಯರೋ, ಬಿಡದೆ ಕರೆದರು. ಬೆಳಿಗ್ಗೆ ಐದೂವರೆಗೆ ಹಾಲಿನ ಡೇರಿಯವರು ಸುಪ್ರಭಾತ ಕೇಳಿದರು. ಏಳಕ್ಕೆ ಅಂಚೆ ಮನೆಯವರು ವಾರ್ತೆ ಕೇಳಿದರು. ಹತ್ತಕ್ಕೆ ಡಾಕ್ಟರ ಹೆಂಡತಿ ಹುರುಳಿಕಾಳು ಎಷ್ಟು ಹೊತ್ತು ನೆನೆಯಬೇಕೆಂದು ಕೇಳಿದಳು. ಅಲ್ಲಿಂದ ಹೊರಡುವಷ್ಟರಲ್ಲಿ ಮತ್ತೆ ಸೋಡಾದವರ ಮನೆ. ಎರಡು ಮನೆಗಳವರು ಒಟ್ಟಿಗೆ ಕರೆದರೆ ಕಾಲು ನಾಲ್ಕು ರಸ್ತೆ ಸೇರುವಲ್ಲಿ ಒಂದು ಕ್ಷಣ ತಡವರಿಸಿ, ಮೊದಲು ಕರೆದವರ ಕಡೆಗೆ ತಿರುಗುತ್ತಿತ್ತು.

ಹೆಪ್ಪಿನ ನೆಪ ಒಂದು ವಾರಕ್ಕೆ ಮುಗಿಯಿತು. ನನ್ನ ಮನೆಯಲ್ಲಿ ಹದಿನಾಲ್ಕು ಬಟ್ಟಲು ಮೊಸರು ಕೂತಿತ್ತು. ಆಮೇಲೆ ಟೇಪು ನನ್ನ ಕೈಹಿಡಿಯಿತು. "ಅಳತೆ ಇನ್ನೊಂದು ಸಲ ನೋಡೋಣ ಅಂತ ಬಂದೆ," ಎನ್ನುತ್ತಿದ್ದೆ. ಯಾವ ಹೆಂಗಸೂ ಬೇಡವೆನ್ನಲಿಲ್ಲ. ಅಳತೆ ತೆಗೆದ ಮೇಲೆ ಬಟ್ಟೆ ಕೊಡದಿದ್ದರೆ ಚೆನ್ನಾಗಿರುವುದಿಲ್ಲವೆಂದು ಎಲ್ಲರೂ ಬಟ್ಟೆ ಕೊಟ್ಟರು. ಒಂದು ತಿಂಗಳಲ್ಲಿ ನನ್ನ ಕಪಾಟು ತುಂಬಿ ಮಂಚದ ಮೇಲೂ ರವಿಕೆ ಬಟ್ಟೆ ಬಿತ್ತು. ಹೊಲಿಯಲು ಮಾತ್ರ ಪುರಸೊತ್ತಿಲ್ಲ. ಕೂತರೆ ಕಾಲು ಏಳುತ್ತಿತ್ತು. ಬಾಯಿಬಿಟ್ಟು ಹೇಳುವಂತೆಯೂ ಇರಲಿಲ್ಲ. 'ಆ ಹೆಸರು ಕೂಗಬೇಡಿ' ಎಂದ ಮರುಕ್ಷಣವೇ ಅದು ಯಾರ ಹೆಸರೆಂದು ಊರಿಗೆಲ್ಲ ಗೊತ್ತಾಗುತ್ತಿತ್ತು. ತೆಂಗಿನಕಾಯಿ ಗುಮಾಸ್ತರ ಪಕ್ಕದಲ್ಲೇ ನನಗೂ ಒಂದು ಮನೆ ನೋಡಬೇಕಾಗುತ್ತಿತ್ತು.

ಇದೆಲ್ಲವನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ನಾಲ್ಕು ಗಂಟೆಯ ಮನೆ.

ದಿನಾ ಸಂಜೆ ನಾಲ್ಕಕ್ಕೆ ಸರಿಯಾಗಿ ಕಾಲು ನನ್ನನ್ನು ಬಿಳಿಮನೆಗೆ ಎಳೆಯುತ್ತಿತ್ತು. ಅದು ನನ್ನ ಒಡಹುಟ್ಟಿದ ಅಕ್ಕನ ಮನೆ. ನಾವಿಬ್ಬರೂ ಮಾತು ಬಿಟ್ಟು ಏಳು ವರ್ಷವಾಗಿತ್ತು. ಭಾವನ ತಮ್ಮನ ಮದುವೆಯಲ್ಲಿ ನಾನು ಮೊದಲ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದೆ. ಸಾರನ್ನ ಕಲಸಿ ಇನ್ನೇನು ಬಾಯಿಗಿಡಬೇಕು, ಅಕ್ಕ ಎಲ್ಲಿಂದಲೋ ನನ್ನನ್ನು ಹೆಸರು ಹಿಡಿದು ಕರೆದಳು. ವಾಲಗದ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ, ನನ್ನ ಕಾಲಿಗೆ ಕೇಳಿಸಿತು. ಎಂಜಲು ಕೈಯಿಂದ ಸಾರು ಸೋರಿಸಿಕೊಂಡು, ಬೀಗರ ಕಡೆಯ ಹಿರಿಯರೊಬ್ಬರ ಎಲೆ ದಾಟಿ, ಇನ್ನೂರು ಜನರ ಮುಂದೆ ನಾನು ನಡೆದುಕೊಂಡು ಹೋದೆ. ಅವಳಿಗೆ ಬೇಕಾಗಿದ್ದು ಉಗ್ರಾಣದ ಬೀಗದ ಕೈ. ಅಲ್ಲೇ ಹೇಳಿದೆ, "ಇನ್ನು ನನ್ನ ಹೆಸರು ನಿನ್ನ ಬಾಯಲ್ಲಿ ಬರಕೂಡದು." ಅವಳೂ ಬಿಡಲಿಲ್ಲ, "ಬರಲ್ಲ ಹೋಗೇ" ಎಂದಳು. ಹೇಳಿದಂತೆಯೇ ನಡೆದುಕೊಂಡಳು. ನನ್ನನ್ನು ಬೇಬಿ ಎಂದೇ ಕರೆಯುತ್ತಿದ್ದ ಅಮ್ಮ ಎರಡು ವರ್ಷದ ಕೆಳಗೆ ಹೋದಳು. ಆಮೇಲೆ ನನ್ನ ಹೆಸರು ಗೊತ್ತಿದ್ದವಳು ಭೂಮಿಯ ಮೇಲೆ ಅಕ್ಕ ಒಬ್ಬಳೇ. ಅವಳು ಕರೆಯುತ್ತಿರಲಿಲ್ಲ.

ಈಗ ಡಬ್ಬಿಯನ್ನು ಕರೆಯುತ್ತಿದ್ದಳು. "ಸುಭಾಷಿಣಿ, ಟೈಮ್ ಎಷ್ಟು?" ನಾನು ನಡುಮನೆಗೆ ಬಂದು ನಿಲ್ಲುವಷ್ಟರಲ್ಲಿ ಡಬ್ಬಿ ಸಮಯ ಹೇಳಿ ಹತ್ತು ನಿಮಿಷವಾಗಿರುತ್ತಿತ್ತು. ಅಕ್ಕ ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದಳು. ನಾನು ಭಾವನ ಕಡೆ ತಿರುಗುತ್ತಿದ್ದೆ. ಭಾವ ಹೈಸ್ಕೂಲಿನಲ್ಲಿ ಭೂಗೋಳ ಹೇಳಿಕೊಡುತ್ತಿದ್ದವರು, ಸಾಧು ಮನುಷ್ಯ.

"ಭಾವ, ಪರದೆ ಏನಾದ್ರೂ ಹೊಲಿಸೋದಿತ್ತಾ?"

"ಇವಳೇ, ಪರದೆ ಹೊಲಿಸೋದಿದೆಯಾ?"

"ಇಲ್ಲ ಅನ್ನಿ ಅವಳಿಗೆ."

"ಇಲ್ಲವಂತೆ ಬೇಬಿ. ಕಾಫಿ ಕುಡಿ."

"ಬೇಡ ಅನ್ನಿ ಅವಳಿಗೆ," ಎಂದು ನಾನು ಹೊರಟುಬಿಡುತ್ತಿದ್ದೆ.

ಎರಡನೆಯ ತಿಂಗಳು ಶೆಟ್ಟರ ಅಂಗಡಿಯ ಮುಂದೆ ಬೋರ್ಡು ಬಿತ್ತು. 'ಹೊಸ ಮಾಡೆಲ್ ಬಂದಿದೆ. ಹೆಸರು ಬೇಡ, ಎರಡು ಚಪ್ಪಾಳೆ ಸಾಕು. ಹಳೆಯದನ್ನು ತಂದು ಬದಲಾಯಿಸಿಕೊಳ್ಳಿ.' ಓದಿದವಳೇ ಒಳಗೆ ನುಗ್ಗಿದೆ.

"ನಿಮ್ಮ ಮನೇಲಿ ಹಳೇದೇ ಇಲ್ಲವಲ್ಲ ಬೇಬಮ್ಮ," ಎಂದರು ಶೆಟ್ಟರು.

"ತಗೊಳ್ಳೋಕೆ ಮುಂಚೆ ವಿಚಾರಿಸಬಾರದಾ ಶೆಟ್ರೇ? ಹಳೇದಕ್ಕೂ ಇದಕ್ಕೂ ಏನು ವ್ಯತ್ಯಾಸ?"

ಅವರು ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಹೊಸದು ಸ್ವಲ್ಪ ಗುಂಡಗಿತ್ತು. ಧ್ವನಿ ದೊಡ್ಡದು, ಮಿಕ್ಸಿ ತಿರುಗುತ್ತಿದ್ದರೂ ನಮ್ಮ ಮಾತು ಅದಕ್ಕೆ ಕೇಳಿಸುತ್ತದೆ. ಹಾಡು ಹಾಕಿಸಿ ನೋಡಿದೆ. ಹಳೆಯದರಲ್ಲಿ ತಂಬೂರಿ ಜೇನುನೊಣದಂತಿತ್ತು, ಇದರಲ್ಲಿ ತಂಬೂರಿಯಂತೆಯೇ ಇತ್ತು. ಬಾಯಿಮಾತಿಗೆ ನಾನು ಬಗ್ಗುವವಳಲ್ಲ. ಕುಂದು ಏನೆಂದು ಕೇಳಿದೆ.

ಶೆಟ್ಟರು ಪ್ರಾಮಾಣಿಕರು. ಆಚೀಚೆ ನೋಡಿ ದನಿ ತಗ್ಗಿಸಿದರು. "ಸೊಳ್ಳೆ ಹೊಡೆದ್ರೂ ಓಗೊಡುತ್ತೆ ಬೇಬಮ್ಮ. ಮೊನ್ನೆ ನಮ್ಮ ಮನೆಯವಳು ಅಕ್ಕಿರೊಟ್ಟಿ ತಟ್ಟುತ್ತಿದ್ಲು. ಒಂದೊಂದು ರೊಟ್ಟಿಗೂ ಇದು 'ಹೇಳಿ, ಏನು ಬೇಕು' ಅಂತ ಕೇಳ್ತು. ಆರು ರೊಟ್ಟಿ ಆದ ಮೇಲೆ ಅವಳು 'ನಿನ್ನ ತಲೆ ಬೇಕು' ಅಂದ್ಲು. ಅದು ತಲೆನೋವಿನ ಮದ್ದು ಹೇಳ್ತು."

"ಹೆಸರು ಮಾತ್ರ ಕೂಗೋದು ಬೇಡ ತಾನೇ?"

"ಖಂಡಿತ ಬೇಡ. ಹಳೇದರ ಹಾಗಲ್ಲ. ಹಳೇದಕ್ಕೆ ಸುಭಾಷಿಣಿ ಅಂತ..."

ನನ್ನ ಕಾಲು ಮುಂದಕ್ಕೆ ನೆಗೆದು ಮೊಣಕಾಲು ಮೇಜಿಗೆ ಬಡಿಯಿತು. ಎರಡೂ ಡಬ್ಬಿಗಳು ಅಲುಗಾಡಿದವು. ಶೆಟ್ಟರು ಏನಾಯಿತೆಂದು ಕೇಳಿದರು. ಇರುವೆ ಕಚ್ಚಿತು ಎಂದೆ.

"ನಿಮ್ಮಕ್ಕನೂ ಹೀಗೇ," ಎಂದರು ಅವರು ಡಬ್ಬಿಗಳನ್ನು ಸರಿಮಾಡುತ್ತ. "ಈ ಊರಲ್ಲಿ ಮೊದಲ ಡಬ್ಬಿ ತಗೊಂಡದ್ದು ಅವರೇ. ಹಾಡು ಕೇಳಲಿಲ್ಲ, ಏನೂ ಕೇಳಲಿಲ್ಲ. ಇದರ ಹೆಸರೇನು ಅಂದ್ರು. ಪೆಟ್ಟಿಗೆ ಮೇಲೆ ಬರೆದದ್ದು ತೋರಿಸಿದೆ. ಅದನ್ನ ಎರಡು ಸಲ ಓದಿದ್ರು. ಆಮೇಲೆ, ಸುತ್ತಿಕೊಡಿ ಅಂದ್ರು."

ಓಹೋ, ನನ್ನನ್ನು ಕುಣಿಸುವುದಕ್ಕೆಂದೇ ತಗೊಂಡಿದ್ದಾಳೆ ಎಂದುಕೊಂಡೆ. ಹೊಸ ಮಾಡೆಲ್ ಕೊಳ್ಳಲು ತಕ್ಕದ್ದೆಂದು ಆ ಕ್ಷಣವೇ ತೀರ್ಮಾನಿಸಿದೆ. ಕೊಳ್ಳಬೇಕಾದವಳು ನಾನಲ್ಲ, ಊರು.

ಅಂದಿನಿಂದ ಕಾಲು ಎಲ್ಲಿಗೆ ಒಯ್ದರೂ ನಾನು ಹೊಸ ಮಾಡೆಲಿನ ಗುಣಗಾನ ಮಾಡಿದೆ. ಸೋಡಾದವರ ಹೆಂಡತಿಗೆ ತಂಬೂರಿಯ ವಿಷಯ ಹೇಳಿದೆ. ಡಾಕ್ಟರ ಹೆಂಡತಿಗೆ ಮಿಕ್ಸಿಯ ವಿಷಯ ಹೇಳಿದೆ. ಡೇರಿಯವರಿಗೆ, ಬೆಳಗಿನ ಜಾವ ಬಾಯಿಬಿಡದೆ ಹಾಸಿಗೆಯಲ್ಲೇ ಚಪ್ಪಾಳೆ ತಟ್ಟಬಹುದೆಂದೆ. ರೊಟ್ಟಿಯ ವಿಷಯ ಯಾರಿಗೂ ಹೇಳಲಿಲ್ಲ. ಒಂದೊಂದೇ ಮನೆ ಬದಲಾಯಿಸಿತು. ಸೊಳ್ಳೆಯ ಕಾಲ ಬೇರೆ, ಸಂಜೆಯಾದರೆ ಊರಿಗೆ ಊರೇ 'ಹೇಳಿ, ಏನು ಬೇಕು' ಎನ್ನುತ್ತಿತ್ತು. ನನ್ನ ಕಾಲಿನ ಬಾವು ಇಳಿಯಿತು. ಮಂಚದ ಮೇಲಿನ ಬಟ್ಟೆಯೂ ಇಳಿಯಿತು. ನಿಜ ಹೇಳಬೇಕೆಂದರೆ, ಹತ್ತು ಗಂಟೆಗೆ ಯಾರ ಮನೆಗೂ ಹೋಗದೆ ಕೂತಾಗ ಒಂದಿಷ್ಟು ಬೇಜಾರೂ ಆಯಿತು. ಡಾಕ್ಟರ ಹೆಂಡತಿಯ ಹುರುಳಿಸಾರು ಚೆನ್ನಾಗಿರುತ್ತಿತ್ತು.

ಕೊನೆಗೆ ಉಳಿದದ್ದು ನಾಲ್ಕು ಗಂಟೆಯ ಮನೆ ಒಂದೇ.

"ಭಾವ, ಹೊಸ ಮಾಡೆಲ್ ತುಂಬ ಚೆನ್ನಾಗಿದೆಯಂತೆ ಅಂತ ಹೇಳಿ ಅವಳಿಗೆ."

"ಹಳೇದು ಕೆಟ್ಟಿಲ್ಲ ಅನ್ನಿ."

"ಕೆಟ್ಟಿಲ್ಲವಂತೆ ಬೇಬಿ."

"ಊರಲ್ಲಿ ಎಲ್ಲರೂ ತಗೊಂಡಿದಾರೆ ಅನ್ನಿ."

"ಊರು ಮಾಡಿದ್ದೆಲ್ಲ ನಾನು ಮಾಡಬೇಕಾಗಿಲ್ಲ ಅನ್ನಿ."

ಭಾವ ನಮ್ಮಿಬ್ಬರ ನಡುವೆ ಕತ್ತು ತಿರುಗಿಸಿ ತಿರುಗಿಸಿ ಸುಸ್ತಾಗಿ, ಆಮೇಲಾಮೇಲೆ ನಾಲ್ಕು ಗಂಟೆಯಾದರೆ ಪೇಪರನ್ನು ಮುಖದ ಮೇಲೆ ಹಾಕಿಕೊಂಡು ಮಲಗಿಬಿಡುತ್ತಿದ್ದರು. ಅಕ್ಕ ಹಳೆಯ ಡಬ್ಬಿಯನ್ನು ಬಿಡಲಿಲ್ಲ. ಹದಿನೈದು ದಿನ ನಾನು ಬರುವುದು, ಅವಳು ಕಿಟಕಿ ನೋಡುವುದು ನಡೆದೇ ಇತ್ತು.

ಆಮೇಲೆ ಒಂದು ಗುರುವಾರ. ಕಂಬ ಬದಲಾಯಿಸುವವರು ಬಂದು ಬೆಳಿಗ್ಗೆ ಎಂಟಕ್ಕೇ ಊರಿನ ಕರೆಂಟು ತೆಗೆದರು. ಊರು ಎಷ್ಟು ನಿಶ್ಶಬ್ದವಾಗಿತ್ತೆಂದರೆ ಸೊಳ್ಳೆ ಹೊಡೆದದ್ದು ಬರಿಯ ಸೊಳ್ಳೆ ಹೊಡೆದಂತೆಯೇ ಕೇಳಿಸುತ್ತಿತ್ತು. ಇವತ್ತಾದರೂ ನಾಲ್ಕು ಗಂಟೆಗೆ ಕಾಲಿಗೆ ರಜೆ ಎಂದುಕೊಂಡು ನಾನು ಅಂಚೆ ಮನೆ ಸೊಸೆಯ ಎರಡನೆಯ ರವಿಕೆಗೆ ಕೊಕ್ಕೆ ಹಾಕುತ್ತ ಕೂತಿದ್ದೆ. ನಾಲ್ಕು ಹೊಡೆಯಿತು. ಕಾಲು ಎದ್ದಿತು.

ದಾರಿಯಲ್ಲಿ ನನಗೆ ಮೊದಲು ಹೊಳೆಯಲಿಲ್ಲ. ಬಿಳಿಮನೆಯ ಗೇಟಿನ ಹತ್ತಿರ ಬಂದಾಗ ಹೊಳೆಯಿತು.

ಅಕ್ಕ ಕುರ್ಚಿಯಲ್ಲಿ ಕೂತು ಕ್ಯಾಲೆಂಡರಿನ ರಟ್ಟಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಫ್ಯಾನು ನಿಂತಿತ್ತು. ಶೆಲ್ಫಿನ ಮೇಲಿನ ಡಬ್ಬಿಯ ಹಸಿರು ದೀಪ ಆರಿತ್ತು. ನಾನು ಫ್ಯಾನು ನೋಡಿದೆ, ಡಬ್ಬಿ ನೋಡಿದೆ, ಅವಳನ್ನು ನೋಡಿದೆ. ಅವಳೂ ಫ್ಯಾನು ನೋಡಿ, ಡಬ್ಬಿ ನೋಡಿ, ಕೈಯಲ್ಲಿದ್ದ ರಟ್ಟನ್ನು ಬೆನ್ನ ಹಿಂದೆ ಅಡಗಿಸಿದಳು.

"ಕರೆಂಟ್ ಹೋಗಿದ್ದು ಗೊತ್ತಾಗ್ಲಿಲ್ಲ," ಎಂದಳು. ಭಾವನಿಗಲ್ಲ. ನನಗೆ.

"ಬೆಳಿಗ್ಗೆ ಎಂಟರಿಂದ ಇಲ್ಲ."

"ನಾನು ಡಬ್ಬೀನೇ ಕರೆದದ್ದು."

"ಅದು ಸತ್ತು ಬಿದ್ದಿದೆ ಅಕ್ಕ. ಟೈಮು ಬೇಕಾದ್ರೆ ಎದುರಿಗೇ ಗಡಿಯಾರ ಇದೆ."

ಅವಳ ಮೂಗಿನ ತುದಿ ಕೆಂಪಾಯಿತು. ಚಿಕ್ಕಂದಿನಿಂದಲೂ ಸಿಕ್ಕಿಬಿದ್ದಾಗ ಅವಳಿಗೆ ಹಾಗಾಗುತ್ತದೆ. "ಹೂಂ ಕಣೇ, ನಿನ್ನನ್ನೇ ಕರೆದೆ. ಏನೀಗ? ಹೆಸರು ಎತ್ತಬೇಡ ಅಂದವಳು ನೀನು. ಎತ್ತಿದ್ನಾ? ಅಮ್ಮ ಹೋದ ದಿನ ಕೂಡ ಬಾಯಿ ಕಚ್ಚಿ ಹಿಡಿದು ಪಕ್ಕದ ಮನೆಯವರ ಕೈಲಿ ಹೇಳಿ ಕಳಿಸಿದೆ. ಅಂಥದ್ರಲ್ಲಿ ಆ ಶೆಟ್ರು ಒಂದು ಡಬ್ಬಿ ತಂದಿಟ್ಟು, ಇದರ ಹೆಸರು ಸುಭಾಷಿಣಿ ಅಂದ್ರೆ ನಾನೇನು ಮಾಡ್ಲಿ? ಡಬ್ಬೀನ ಕರೆಯೋದಕ್ಕೆ ಯಾರ ಅಪ್ಪಣೆ ಬೇಕು?"

ಹೆಸರು ಬಂದೊಡನೆ ಕಾಲು ಒಂದು ಹೆಜ್ಜೆ ಮುಂದಿಟ್ಟಿತು. ನಾನು ತಡೆಯಲಿಲ್ಲ. ತಡೆದರೆ ನಿಲ್ಲುವುದೂ ಇಲ್ಲ.

"ಇನ್ನೂರು ಜನರ ಮುಂದೆ ಎಂಜಲು ಕೈಲಿ ಎಬ್ಬಿಸಿದೆ ನೀನು," ಎಂದೆ. ಏಳು ವರ್ಷದಿಂದ ಅದೇ ವಾಕ್ಯವನ್ನು ಇಟ್ಟುಕೊಂಡಿದ್ದೆ. ಹೇಳಿದ ಮೇಲೆ ಅದು ಸಣ್ಣದಾಗಿ ಕೇಳಿಸಿತು.

"ಬೀಗದ ಕೈ ನಿನ್ನ ಸೊಂಟದಲ್ಲಿತ್ತು. ಹೋಳಿಗೆ ಉಗ್ರಾಣದಲ್ಲಿತ್ತು. ಬೀಗರು ಎಲೆ ಮುಂದೆ ಕೂತಿದ್ರು. ಸುಭಾಷಿಣಿ, ನೀನೇ ಹೇಳು, ನನ್ನ ಜಾಗದಲ್ಲಿದ್ದಿದ್ರೆ ನೀನು ಏನು ಮಾಡ್ತಿದ್ದೆ?"

ಇನ್ನೊಂದು ಹೆಜ್ಜೆ. "ತಪ್ಪಾಯ್ತು ಅಂತ ಒಂದು ಮಾತು ಆವತ್ತೇ ಅಂದಿದ್ರೆ ಆಗ್ತಿತ್ತು."

"ನೀನು ಬಾಗಿಲು ಹಾಕ್ಕೊಂಡೆಯಲ್ಲೇ. ಹೇಗೆ ಅನ್ನಲಿ? ಕರೆದ್ರೆ ಬರ್ತಿದ್ದೆ, ಅದು ಗೊತ್ತು. ಕರೆಯೋ ಹಾಗಿರಲಿಲ್ಲ." ಅವಳು ರಟ್ಟಿನಿಂದ ಮುಖ ಮುಚ್ಚಿಕೊಂಡಳು. "ತಪ್ಪಾಯ್ತು ಕಣೇ ಸುಭಾಷಿಣಿ."

ಈಗ ನನ್ನ ಮೊಣಕಾಲು ಅವಳ ಮೊಣಕಾಲಿಗೆ ತಾಗುತ್ತಿತ್ತು. ಇನ್ನು ಮುಂದೆ ಹೋಗಲು ಜಾಗವಿರಲಿಲ್ಲ. ಅವಳ ಭುಜದ ಮೇಲೆ ಕೈಯಿಡಬೇಕೆಂದು ನಾನು ಕೈಯೆತ್ತಿದ್ದೇ ತಡ, ಕರೆಂಟು ಬಂತು. ಫ್ಯಾನು ಗರಗರ ಎಂದಿತು, ಡಬ್ಬಿಯ ಹಸಿರು ದೀಪ ಹೊತ್ತಿತು.

"ಸುಭಾಷಿಣಿ, ಅಳಬೇಡ ಕಣೇ," ಎಂದಳು ಅಕ್ಕ. ಅಳುತ್ತಿದ್ದವಳು ಅವಳೇ.

"ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ," ಎಂದಿತು ಡಬ್ಬಿ.

"ನಿನ್ನನ್ನಲ್ಲ!" ಎಂದು ನಾವಿಬ್ಬರೂ ಒಟ್ಟಿಗೆ ಅದರ ಕಡೆ ಅರಚಿದೆವು.

ಆಮೇಲೆ ತುಂಬ ಹೊತ್ತು ನಕ್ಕೆವು. ನಗು ನಿಂತ ಮೇಲೆ ಅಕ್ಕ ಸೆರಗಿನಲ್ಲಿ ಮೂಗು ಒರೆಸಿಕೊಂಡು, ನೆಲ ನೋಡುತ್ತ ಕೇಳಿದಳು. "ಊರಿಗೆಲ್ಲ ಹೊಸ ಮಾಡೆಲ್ ಹಚ್ಚಿಸಿದೀಯಂತೆ. ಈಗ ಸರಿಯಾಗಿ ಹೇಳು. ನಾನೂ ತಗೊಳ್ಳೋದಾ, ಇದೇ ಇರಲಾ?"

ಅವಳು ಕೇಳುತ್ತಿದ್ದದ್ದು ತಂಬೂರಿಯ ವಿಷಯವಲ್ಲವೆಂದು ನನಗ್ಗೊತ್ತಿತ್ತು. ಹಳೆಯದು ಇದ್ದರೆ ನಾಳೆಗೂ ಒಂದು ನೆಪವಿರುತ್ತದೆ. ಅದು ಹೋದರೆ ನೆಪವಿಲ್ಲದೆ ಕರೆಯಬೇಕು.

"ತಗೋ," ಎಂದೆ. ಅವಳ ಮುಖ ಬಾಡಿತು. "ಟೈಮು, ಮಳೆ, ಹಾಡು ಎಲ್ಲ ಅದಕ್ಕೆ ಚಪ್ಪಾಳೆ ತಟ್ಟಿ ಕೇಳು. ಸುಭಾಷಿಣಿ ಅಂತ ಈ ಊರಲ್ಲಿ ಇನ್ನು ನಾನೊಬ್ಬಳೇ ಇರ್ತೀನಿ. ಆದ್ರೆ ಊಟಕ್ಕೆ ಕೂತಾಗ ಕರೆಯಬೇಡ."

"ಊಟ ಎಷ್ಟು ಹೊತ್ತಿಗೆ?"

"ಒಂದೂವರೆಗೆ."

"ಚಪ್ಪಾಳೆ ನಾನು ತಟ್ತೀನಿ," ಎಂದಿತು ಪೇಪರಿನ ಕೆಳಗಿನಿಂದ ಭಾವನ ದನಿ. "ಮತ್ತೆ, ನನಗೆ ಯಾವ ಹೆಸರೂ ಕೇಳಿಸಿಲ್ಲಪ್ಪ. ಎರಡು ತಿಂಗಳಿಂದ ಕೇಳಿಸಿಲ್ಲ."

ಮರುದಿನ ಬೆಳಿಗ್ಗೆ ನಾನೂ ಅಕ್ಕನೂ ಶೆಟ್ಟರ ಅಂಗಡಿಗೆ ಹೋದೆವು. ನಮ್ಮನ್ನು ಒಟ್ಟಿಗೆ ನೋಡಿ ಸೋಡಾ ಅಂಗಡಿಯವರು ಸೋಡಾ ಉಕ್ಕಿಸಿಕೊಂಡರು. ಶೆಟ್ಟರು ಹಳೆಯ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಒಂದು ಗೀರೂ ಇರಲಿಲ್ಲ. ಕಂಪನಿಗೆ ವಾಪಸ್ ಕಳಿಸಬೇಕೆಂದರೆ ದೂರು ಏನೆಂದು ಬರೆಯಬೇಕಂತೆ. ಪೆನ್ನು ಹಿಡಿದುಕೊಂಡು ಕೇಳಿದರು. "ಚೆನ್ನಾಗೇ ಇದೆಯಲ್ಲಮ್ಮ, ಏನಂತ ಬರೀಲಿ?"

ಅಕ್ಕ ನನ್ನ ಕಡೆ ನೋಡಲಿಲ್ಲ. "ಕರೆದ ಕೂಡಲೇ ಇದೇ ಓಗೊಟ್ಟುಬಿಡುತ್ತೆ ಶೆಟ್ರೇ," ಎಂದಳು. "ನನಗೆ ಹತ್ತು ನಿಮಿಷ ತಡವಾಗಿ ಬರೋರು ಬೇಕು."

ಶೆಟ್ಟರು ಅವಳ ಮುಖ ನೋಡಿದರು, ನನ್ನ ಮುಖ ನೋಡಿದರು, ಕೆಳಗೆ ನನ್ನ ಕಾಲನ್ನೂ ನೋಡಿದರು. ಆಮೇಲೆ ಮರ್ಯಾದಸ್ಥರಂತೆ ಕಣ್ಣು ಕೆಳಗೆ ಹಾಕಿ, ದೂರಿನ ಜಾಗದಲ್ಲಿ ದುಂಡಗೆ ಬರೆದರು: 'ಉತ್ತರ ತೀರಾ ಬೇಗ ಬರುತ್ತದೆ.'